ಎರಡು ಬಾಟಲಿ ಫಿನಾಯಿಲ್

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸಿದ ದಿನ, ಈಗಲೂ ನಾನು ಒಳಗೆ ಹೋಗಿ ಗ್ಯಾಸ್ ಒಲೆ ಹೊತ್ತುತ್ತದೆಯೇ ಎಂದು ಒಮ್ಮೆ ಹಚ್ಚಿ ನೋಡುತ್ತೇನೆ.

ಮಲವಗೊಪ್ಪದ ಮನೆಯಲ್ಲಿ ನಮಗೆ ನಾಲ್ಕು ಹಸುಗಳಿದ್ದವು. ಸೌದೆ ಒಲೆಯ ಹೊಗೆ ಕುಡಿದು ಅಮ್ಮನ ಎದೆ ಕೆಟ್ಟಿದ್ದರಿಂದ ಅಪ್ಪ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದರು. ಕೊಟ್ಟಿಗೆ ಗಲೀಜಾದರೆ ಹಸುವಿನ ಕೆಚ್ಚಲು ಬಾತುಕೊಳ್ಳುತ್ತದೆ ಎಂದು ಯಾರೋ ಅಂದರು. ಹತ್ತು ವರ್ಷಕ್ಕೇ ಊರ ಚಿಂತೆಯನ್ನೆಲ್ಲ ಹೊತ್ತಿದ್ದ ನಾನು ಯಾರಿಗೂ ಹೇಳದೆ ಎರಡು ಬಾಟಲಿ ಫಿನಾಯಿಲ್ ಸುರಿದು ಕೊಟ್ಟಿಗೆ ತೊಳೆದೆ. ನೀರೆಲ್ಲ ಸಗಣಿಯ ಜೊತೆ ಗುಂಡಿಗೆ ಇಳಿಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಒಲೆಯ ನೀಲಿ ಉರಿ ಕುಗ್ಗಿ, ಆರಿಹೋಯಿತು. ಅಪ್ಪ ಗುಂಡಿಯ ಬಾಯಿ ಮೂಸಿ ಬಂದರು.

“ಫಿನಾಯಿಲ್ ಹಾಕಿದ್ದು ಯಾರೇ? ಸಗಣಿ ಕೊಳೆಸೋ ಹುಳ ಎಲ್ಲಾ ಸತ್ತೋಯ್ತಲ್ಲೇ ಮಾರಾಯ್ತಿ! ಇನ್ನು ತಿಂಗಳುಗಟ್ಲೆ ಗ್ಯಾಸ್ ಬರಲ್ಲ.”

“ನಾನೇ ಹಾಕ್ದೆ,” ಎಂದಳು ಅಮ್ಮ, ನನ್ನ ಕಡೆ ನೋಡದೆ.

“ಬುದ್ಧಿ ಇದ್ಯಾ ನಿಂಗೆ? ಅದನ್ನ ಕಟ್ಸಿದ್ದು ಯಾರಿಗೋಸ್ಕರ?”

ಅಮ್ಮ ನನ್ನತ್ತ ತಿರುಗಿದಳು. “ಹೋಗು, ಸೌದೆ ತಗೊಂಡ್ ಬಾ. ಒಣಗಿದ್ದೇ ನೋಡಿ ತಾ.”

ಒಂದೊಂದನ್ನೂ ಬಡಿದು ನೋಡಿ, ಒಣಗಿದ್ದನ್ನೇ ಆರಿಸಿ ತಂದೆ. ಅಮ್ಮ ಊದುಗೊಳವೆಗೆ ಬಾಯಿಟ್ಟಳು. ಎರಡನೆಯ ಸಲ ಊದುವಷ್ಟರಲ್ಲೇ ಕೆಮ್ಮು ಬಂತು.