ಹಂದಿಯ ಹೊಟ್ಟೆಯ ಆರೈಕೆ

ಹಂದಿಗಳು ಮಾತಾಡಲು ಕಲಿತ ಮೇಲೆ ಕೊಡಗಿನಲ್ಲಿ ಹಂದಿ ಸಾಕುವುದೆಂದರೆ ಬೀಗರನ್ನು ಮನೆಯಲ್ಲಿಟ್ಟುಕೊಂಡು ಸಂಭಾಳಿಸಿದಂತೆ. ದೇಚಮ್ಮ ದಿನಾ ಬೆಳಗ್ಗೆ ತೌಡಿಗೆ ಶುಂಠಿ, ಬೆಳ್ಳುಳ್ಳಿ, ಓಮ ಅರೆದು ಕಲಸಿ ತಂದರೂ ದೊಡ್ಡ ಹಂದಿಯದು ಒಂದಲ್ಲ ಒಂದು ತಕರಾರು.

“ನಿನ್ನೆ ಓಮ ಕಮ್ಮಿಯಾಗಿತ್ತು ಅಮ್ಮ. ಹೊಟ್ಟೆಯೆಲ್ಲ ಉಬ್ಬರ.”

“ಇವತ್ತು ಜಾಸ್ತಿ ಹಾಕಿದ್ದೀನಿ, ತಿನ್ನು ಮಾರಾಯ.”

ಈ ಆರೈಕೆಯಿಂದ ಅದರ ಮೈ ಮಿರಿಮಿರಿ ಮಿಂಚುತ್ತಿತ್ತು. ನಾಳೆ ಕೈಲ್ ಮುಹೂರ್ತ ಹಬ್ಬ. ಹಂದಿ ಮೂತಿಯೆತ್ತಿ ಅಡುಗೆಮನೆಯ ಕಡೆ ಮೂಸಿತು.

“ಅಲ್ಲಿ ಏನೋ ಹುಳಿ ವಾಸನೆ. ಅದ್ಯಾವ ಔಷಧಿ?”

ಹಬ್ಬದ ಹಂದಿ ಸಾರಿಗೆಂದು ತೆಗೆದಿಟ್ಟ ಕಪ್ಪು ಹುಳಿರಸ, ಕಾಚಂಪುಳಿ ಅದು. ದೇಚಮ್ಮ ತಡವರಿಸಿದಳು. “ಅದು… ಅದೂ ಅಜೀರ್ಣಕ್ಕೇ.”

“ಹಾಗಾದ್ರೆ ನಾಳೆ ಮರೀದೆ ಹಾಕಿ,” ಎಂದು ಹಂದಿ ತೊಟ್ಟಿಗೆ ಬಾಯಿ ಹಾಕಿತು. “ನಿಮ್ಮ ಕೈಗುಣ ಒಳ್ಳೇದಮ್ಮ.”