ಎರ್ರಿಯಪ್ಪ ಎಂದು ಕರೆದವರು ಯಾರು

ಹೊಸಪೇಟೆಯ ಕವಿಗೋಷ್ಠಿಯಲ್ಲಿ ಚಂದ್ರಕಲಾ ಕವಿತೆ ಓದಿ ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಜಂಬಕ್ಕ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದಳು. ಮುದುಕಿಗೆ ಆನಂದ ತಡೆಯಲಾಗಲಿಲ್ಲ ಎಂದು ಎಲ್ಲರೂ ತಿಳಿದರು. ಕವಯಿತ್ರಿಯೂ ಹಾಗೇ ತಿಳಿದಳು.

ಕವಿತೆಯಲ್ಲಿ ಮಾತಾಡುವವಳು ಅಜ್ಜಿಯೇ. ತೀರಿಹೋದ ಗಂಡನನ್ನು ಹೆಸರು ಹಿಡಿದು, ‘ಎರ್ರಿಯಪ್ಪಾ, ನಿನ್ನ ಮನೆಯಲ್ಲಿ ನನ್ನ ಪಾಲಿನ ಮಾತೆಲ್ಲಿ?’ ಎಂದು ದಬಾಯಿಸುತ್ತಾಳೆ. ನಿಜದ ಜಂಬಕ್ಕ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಂದ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಅಂಥವಳ ಬಾಯಿ ಬಿಡಿಸಿದೆನೆಂಬ ಹೆಮ್ಮೆ ಮೊಮ್ಮಗಳಿಗೆ.

ತಮ್ಮೂರು ವಡ್ಡುಗೆ ಮರಳುವ ಬಸ್ಸಿನಲ್ಲಿ ಅಜ್ಜಿ ಬಾಯಿ ತೆರೆದಳು.

“ಆ ಹೆಸ್ರು ನಾ ಯಾವಾಗ ಅಂದ್ನೇ ಚಂದ್ರೀ?”

“ಕವಿತ್ಯಾಗ ನಾನು ಅಂದ್ರ ನೀನಲ್ಲ ಅಜ್ಜಿ. ನಾನೂ ಅಲ್ಲ. ಅದೊಂದು ದನಿ, ಅಷ್ಟ.”

“ಮತ್ತ ಎಲ್ರೂ ನನ್ನ ಮಾರಿ ಯಾಕ ನೋಡಿದ್ರು?”

ಓದುವ ಮೊದಲು ಅಜ್ಜಿಯತ್ತ ಕೈ ತೋರಿಸಿದ್ದವಳು ಚಂದ್ರಕಲಾಳೇ. ಅವಳು ಮಾತು ಹಾರಿಸಿದಳು. “ಈಗ ಯಾರು ಅದನ್ನೆಲ್ಲ ನೋಡ್ತಾರ? ಗಂಡನ ಹೆಸ್ರು ಅಂದ್ರ ಏನಾತು?”

ಅದಿರು ಲಾರಿಗಳ ಧೂಳು ನುಗ್ಗುತ್ತಿತ್ತು. ಜಂಬಕ್ಕ ಕಿಟಕಿ ಸರಿಸಿ ಮುಚ್ಚಿದಳು.

“ದವಾಖಾನ್ಯಾಗ ನಿಮ್ಮ ತಾತ ಕೇಳಿದ್ರು, ಒಂದ್ಸಲ ನನ್ನ ಹೆಸ್ರು ಹಿಡ್ದು ಕರಿ ಅಂತ. ಮೈದುನ ನಿಂತಿದ್ದ, ನರ್ಸಮ್ಮ ಇದ್ಳು. ನಾಚಿಕಿ ಬಂತು. ನಾಳಿಗೆ ಅಂತೀನಿ ಅಂದೆ. ಬೆಳಗಾಗೋದ್ರಾಗ ಹೋಗಿಬಿಟ್ರು. ಕೇಳಿದಾಗ ನಾ ಅನ್ನಲಿಲ್ಲ. ನೀ ಮಂದಿ ಮುಂದ ಬೈಗುಳದಾಗ ಅನ್ಸಿಬಿಟ್ಟಿ.”

ಇಷ್ಟು ವರ್ಷ ಅಜ್ಜಿಯ ಮಗ್ಗುಲಲ್ಲೇ ಮಲಗಿ, ಅಜ್ಜಿಯ ಮೇಲೆ ಕವಿತೆ ಕಟ್ಟಿ, ಇದೊಂದನ್ನು ಕೇಳಲೇ ಇಲ್ಲವಲ್ಲ ಎಂದು ಚಂದ್ರಕಲಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಆ ಸಾಲು ತಗ್ದುಬಿಡ್ತೀನಿ ಅಜ್ಜಿ.”

“ತಗೀಬ್ಯಾಡ. ಇನ್ನೊಮ್ಮೆ ಅನ್ನು. ಬೈದಂಗಲ್ಲ, ಕರ್ದಂಗ.”

ಚಂದ್ರಕಲಾ ಅಜ್ಜಿಯ ಕಿವಿಯ ಬಳಿ ಬಗ್ಗಿ, ಆದಷ್ಟೂ ಮೆತ್ತಗೆ, “ಎರ್ರಿಯಪ್ಪಾ” ಎಂದಳು. ಜಂಬಕ್ಕ ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ ಅನ್ನಿಸಿದಳು. ಆಮೇಲೆ ಮೊಮ್ಮಗಳ ಕೈ ತಟ್ಟಿದಳು.

“ಬಿಡವ್ವ. ಎಷ್ಟು ಮೆಲ್ಲಗ ಅಂದ್ರೂ ಅದು ನಿನ್ನ ದನೀನ.”