ಸಂದಿನಲ್ಲಿ ಬೆಳಕು

ತೇಗದ ಡ್ರಾಯರ್ ಎಳೆದಾಗಲೆಲ್ಲ ಆ ಭಾನುವಾರದ ಮಧ್ಯಾಹ್ನದ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ.

ಅಪ್ಪ ರೈಲು ಓಡಿಸುತ್ತಿದ್ದರು. ಮರುದಿನ ಅವರಿಗೆ ಕೆಲಸದ ಕಡೆಯಿಂದ ಕಣ್ಣಿನ ಪರೀಕ್ಷೆಯಿತ್ತು. ಅದರ ಮಾತೇ ಎತ್ತದೆ, ನಮ್ಮ ರಾಯಪುರಂ ಮನೆಯ ಹಜಾರದಲ್ಲಿ ಕೂತು, ತಾವೇ ಮಾಡಿದ ಮರಗೆಲಸದ ಮೇಜಿಗೆ ಡ್ರಾಯರ್ ಕೂಡಿಸುತ್ತಿದ್ದರು. ಪಾರಿವಾಳದ ಬಾಲದಂತೆ ತುದಿ ಅಗಲವಾದ ಮರದ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಳ್ಳಬೇಕು, ಮೊಳೆಯೇ ಬೇಡ. ಕೊಡತಿಯ ಏಟು ನಿಂತಾಗಲೆಲ್ಲ ಅಮ್ಮ ಅಡುಗೆಮನೆಯಿಂದ ಇಣುಕಿ ಅವರ ಬೆರಳು ನೋಡುತ್ತಿದ್ದಳು.

ಅಪ್ಪ ಕೂಡಿಸಿದ ಮೂಲೆಯನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದರು.

“ಬೆಳಕು ತೂರಲಿಲ್ಲ ಅಂದ್ರೆ ಸರಿಯಾಗಿ ಕೂತಿದೆ ಅಂತ. ನೋಡು ಪುಟ್ಟಿ, ಒಂದು ಗೆರೆಯೂ ಇಲ್ಲ.”

ನನಗೆ ಬಿಸಿಲಿನ ಗೆರೆ ಕಣ್ಣು ಕುಕ್ಕುವಷ್ಟು ಕಾಣುತ್ತಿತ್ತು.

“ಒಂಚೂರೂ ಇಲ್ಲಾರೀ,” ಎಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ.

ಅವಳು ಅಷ್ಟು ಬೇಗ ಹೇಳಬಾರದಿತ್ತು. ಅಪ್ಪ ಅವಳ ಕಡೆ ತಿರುಗಲೇ ಇಲ್ಲ. ನನ್ನತ್ತ ಕೈ ಚಾಚಿ, “ಎಲ್ಲಿದೆ ಪುಟ್ಟಿ, ತೋರ್ಸು,” ಎಂದರು.

ಅಮ್ಮ ಬೇಡವೆಂದು ತಲೆಯಾಡಿಸುತ್ತಿದ್ದಳು. ನಾನು ಅಪ್ಪನ ತೋರುಬೆರಳು ಹಿಡಿದು ಸಂದಿನ ಮೇಲಿಟ್ಟೆ. ಗೆರೆ ಮುಚ್ಚಿಹೋಯಿತು. ಅಪ್ಪ ಬೆರಳು ತೆಗೆಯಲಿಲ್ಲ.